ಜಾಡಿ ಸೇರಿದ ಉಪ್ಪು

ಸಾರಿಗೆ ಉಪ್ಪು ಹಾಕುವಾಗ ಯಾವ ಗೃಹಿಣಿಯೂ ತನ್ನ ಕೈಯನ್ನು ನೋಡಿಕೊಳ್ಳುವುದಿಲ್ಲ. ಬಾಯಿ ನೆರೆಯವಳೊಡನೆ ಮಾತಿನಲ್ಲಿ, ಕಣ್ಣು ಒಲೆಯ ಮೇಲೆ, ಕೈ ಮಾತ್ರ ತನ್ನಷ್ಟಕ್ಕೆ ತಾನು ಮಡಕೆಗೆ ಹೋಗಿ ಬರುತ್ತದೆ. ಅಂಥ ಸರ್ವತಂತ್ರಸ್ವತಂತ್ರ ಕೈಗೆ ಕಡಿವಾಣ ಹಾಕಿದವರು ಬೆಂಗಳೂರಿನ ಒಬ್ಬ ಡಾಕ್ಟರು.

ಎರಡನೇ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ದೊಡ್ಡಬಳ್ಳಾಪುರದಲ್ಲಿ ಮಗ್ಗದ ಗುಂಡಿಗಿಳಿದು ಸೀರೆ ನೇಯುವ ನಮ್ಮ ಯಜಮಾನರಿಗೆ ಪಾದ ಊದಿ, ನಾಲ್ಕು ಹೆಜ್ಜೆಗೇ ಮೇಲುಸಿರು ಬರತೊಡಗಿತು. ರೈಲಿನಲ್ಲಿ ಆ ಡಾಕ್ಟರ ಬಳಿಗೆ ಕರೆದೊಯ್ದೆ. ನಾಡಿ ಹಿಡಿಯುವ ಪಂಡಿತರನ್ನಷ್ಟೇ ಕಂಡಿದ್ದ ನನಗೆ ಅಲ್ಲಿನದೆಲ್ಲ ಅಯೋಮಯ. ಬೇನೆ ಎದೆಯಲ್ಲಿ, ಪಟ್ಟಿ ಸುತ್ತಿದ್ದು ತೋಳಿಗೆ. ಒತ್ತಿದ್ದು ರಬ್ಬರು ಬುರುಡೆ, ಏರಿದ್ದು ಪಾದರಸ! "ಹೃದಯ ಸೋತಿದೆಯಮ್ಮಾ. ಉಪ್ಪು ಮೈಯಲ್ಲಿ ನೀರು ಹಿಡಿದಿಡುತ್ತೆ. ಬಿಡಿಸದಿದ್ರೆ ಉಳಿಯೋದು ಕಷ್ಟ" ಎಂದರು ಡಾಕ್ಟರು. ಉಪ್ಪು ತಿಂದವನು ನೀರು ಕುಡಿಯಲೇಬೇಕೆಂಬ ಗಾದೆ ಇವರ ಪಾದದಲ್ಲೇ ಬಂದು ಕೂತಿತಲ್ಲ ಎಂದು ಬೆರಗಾದೆ.

ಹನಿ ಔಷಧಿಯ ಜೊತೆಗೆ ಪಥ್ಯವೂ ಶುರುವಾಯಿತು. ಸಾರಿಗೆ ಉಪ್ಪಿಲ್ಲ, ಮುದ್ದೆಗಿಲ್ಲ, ಮಜ್ಜಿಗೆಗಿಲ್ಲ. "ಲೇ, ನೂಲಿಗೆ ಬಳಿಯೋ ಗಂಜಿನೇ ಇದಕ್ಕಿಂತ ವಾಸಿ ಕಣೆ" ಎಂದು ಅವರು ತಟ್ಟೆ ಸರಿಸಿದರು. ಪಕ್ಕಕ್ಕೆ ಎರಡು ಹೋಳು ಮಾವಿನಕಾಯಿ ಉಪ್ಪಿನಕಾಯಿ ಹಾಕಿದೆ. ಓದುಗರೇ, ನಗಬೇಡಿ: ಮದುವೆಯಾದ ಹೆಣ್ಣು ಗಂಡನ ಗೋತ್ರ ಸೇರುವಂತೆ, ಬೇಸಿಗೆಯಲ್ಲಿ ಜಾಡಿ ಸೇರಿದ ಉಪ್ಪು ಉಪ್ಪಿನ ಕುಲವನ್ನೇ ಬಿಟ್ಟಿತೆಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ.

ಊತ ಮೊಣಕಾಲಿಗೇರಿತು. ಮಲಗಿದರೆ ಉಸಿರು ಕಟ್ಟಿ, ಅವರು ಗೋಡೆಗೊರಗಿಯೇ ಕೂರುವಂತಾಯಿತು. ಗಾಬರಿಯಲ್ಲಿ ಅವರನ್ನು ಮತ್ತೆ ಬೆಂಗಳೂರಿಗೆ ಕರೆದೊಯ್ದೆ. ನನ್ನ ಪಥ್ಯದ ವೈಭವವನ್ನೆಲ್ಲ ಡಾಕ್ಟರಿಗೆ ಒಪ್ಪಿಸಿದೆ.

"ಅಷ್ಟು ಸಪ್ಪೆ ಗಂಟಲಲ್ಲಿ ಹೇಗಮ್ಮಾ ಇಳಿಯುತ್ತೆ?"

"ಒಂಚೂರು ಉಪ್ಪಿನಕಾಯಿ ನಂಚ್ಕೋತಾರೆ, ಸ್ವಾಮಿ."

ಡಾಕ್ಟರು ಕನ್ನಡಕ ತೆಗೆದರು.

"ಹೊಸದಲ್ಲ, ಸ್ವಾಮಿ, ಹೋದ ಬೇಸಿಗೇದು" ಎಂದೆ, ಅವರನ್ನು ಸಮಾಧಾನಪಡಿಸಲು.

"ಹಳೇದಾದ್ರೆ ಅದರೊಳಗಿನ ಉಪ್ಪು ಎಲ್ಲಿಗೆ ಹೋಯ್ತು, ತಾಯಿ?"

ಅವರು ನನ್ನ ಹೆಬ್ಬೆರಳನ್ನು ಯಜಮಾನರ ಪಾದದ ಮೇಲೆ ಒತ್ತಿಸಿ, ಅಲ್ಲಿ ಗುಳಿ ನಿಂತರೆ ನೀರಿದೆ ಎಂದರ್ಥ, ದಿನವೂ ನೋಡು ಎಂದರು.

ಜಾಡಿ ಪಕ್ಕದ ಮನೆ ಸೇರಿತು. ಊತ ಮೆಲ್ಲಗೆ ಇಳಿಯಿತು. ಉಪ್ಪು ಬಿಟ್ಟದ್ದಕ್ಕೋ, ಹನಿಯ ಗುಣಕ್ಕೋ, ನಾನು ಹೊತ್ತ ಹರಕೆಗೋ, ನನಗಂತೂ ಇಂದಿಗೂ ಗೋಜಲು. ಬೆಳಗೆದ್ದು ಪಾದ ಒತ್ತುತ್ತ ಕುಳಿತರೆ ಅವರು ಗೊಣಗುತ್ತಾರೆ: "ಗಂಡನ ಪಾದಪೂಜೆ ಭೀಮನ ಅಮಾವಾಸ್ಯೆಗೊಂದೇ ಸಲ ಕಣೆ, ದಿನಾ ಹಿಡ್ಕೊಂಡ್ರೆ ನನಗೇ ಹೆದರಿಕೆ ಆಗುತ್ತೆ!"

"ಸುಮ್ನಿರಿ ಅಂದ್ರೆ."

ಇದು ಪೂಜೆಯೋ, ಪರೀಕ್ಷೆಯೋ ನಾನರಿಯೆ. ಹೆಬ್ಬೆರಳು ತೆಗೆಯುತ್ತೇನೆ, ಗುಳಿ ನಿಲ್ಲದೆ ತುಂಬಿಕೊಳ್ಳುತ್ತದೆ. ಆಮೇಲೆ ಎದ್ದು ಒಲೆ ಹಚ್ಚುತ್ತೇನೆ.