ಟೀಚರ್ ಸಾಕಿದ ಗೂಬೆಮರಿ

ಕಾಲು ಕಿಲೋ ಕೋಳಿ ಲಿವರಿಗೆ ಮೂರು ರಿಯಾಲ್ ಕೊಟ್ಟೆ. ನಜ್ಮಾ ಪೇಟೆಯ ಅಂಗಡಿಯವ ನಾಲ್ಕು ಹೇಳಿದ್ದ. ಶುಕ್ರವಾರದ ನಮಾಜಿಗೆ ಶಟರ್ ಎಳೆಯುವ ಹೊತ್ತಾದ್ದರಿಂದ ಇಳಿದ. ಮನೆಯಲ್ಲಿ ಪೊಟ್ಟಣ ಬಿಚ್ಚಿದಾಗ ಆ ಹಸಿ ವಾಸನೆಗೆ, ಅಲ್ ಹಿಲಾಲ್ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಟೀಚರ್ ನೆನಪಾದರು... ಮೈಸೂರಿನವರು, ಮೊಟ್ಟೆಯನ್ನೂ ಮುಟ್ಟದವರು. ಆದರೂ ಇಲ್ಲಿ ಫುಟ್‌ಬಾಲ್ ವಿಶ್ವಕಪ್ ನಡೆದ ವರ್ಷ, ಬೇಸಿಗೆ ಶುರುವಾಗುವಾಗ, ನನ್ನ ಕೈಯಲ್ಲಿ ಇದನ್ನೇ ತರಿಸುತ್ತಿದ್ದರು.

ಅವರ ಏಸಿಯ ಹೊರಪೆಟ್ಟಿಗೆಯ ಹಿಂದೆ ಗೂಬೆಮರಿಯೊಂದು ಬಿದ್ದಿತ್ತು. ಒಂದು ರೆಕ್ಕೆ ಜೋತಾಡುತ್ತಿತ್ತು. ಗೂಬೆ ಹೊಕ್ಕ ಮನೆ ಬಿಡಬೇಕಾಗುತ್ತದೆ ಎಂದು ಟೀಚರ ಗಂಡ ಗೊಣಗಿದರೆ, "ಈ ಬಾಡಿಗೇಲಿ ಬೇರೆ ಮನೆ ಎಲ್ಲಿ ಸಿಗತ್ತೆ? ಅದೂ ಇರಲಿ, ನೀವೂ ಇರಿ," ಎಂದರಂತೆ. ಮೂಗಿಗೆ ದುಪಟ್ಟಾ ಕಟ್ಟಿಕೊಂಡು, ಸ್ಟೀಲ್ ಬಟ್ಟಲಿಗೆ ಚಮಚ ಬಡಿದು ಉಣಿಸುತ್ತಿದ್ದರು. ಆ ಸದ್ದಿಗೆ ಮರಿ ಕುಪ್ಪಳಿಸುತ್ತ ಬರುತ್ತಿತ್ತು. ರೆಕ್ಕೆ ಮಾತ್ರ ಸರಿಹೋಗಲಿಲ್ಲ. ಕೊನೆಗೆ ಉಮ್ಮ್ ಸಲಾಲಿನ ಆಚೆ ಇದ್ದ ವನ್ಯಜೀವಿ ರಕ್ಷಣಾ ಕೇಂದ್ರಕ್ಕೆ ಒಪ್ಪಿಸಿ ಬಂದೆವು.

ಚಳಿಗಾಲದಲ್ಲಿ ಹೋಗಿ ನೋಡುವುದೆಂದು ಅವತ್ತೇ ನಿಶ್ಚಯವಾಯಿತು. ಆ ಚಳಿಗಾಲ ಮುಗಿದರೆ ಟೀಚರ್ ಖಾಯಂ ಆಗಿ ಊರಿಗೆ ಹೊರಡುವವರು. ಹಾರುತ್ತದೆಯೇ, ತಮ್ಮ ಗುರುತು ಹಿಡಿಯುತ್ತದೆಯೇ, ಇವೆರಡೇ ಅವರ ಕುತೂಹಲ. ವ್ಯವಸ್ಥೆ ನನ್ನದು. ವಿಶ್ವಕಪ್ಪಿಗಾಗಿ ಶಾಲೆಗೆ ಉದ್ದ ರಜೆ. ಮ್ಯಾಚಿಗೆ ಬಂದ ಜನ ಏಳುವ ಮೊದಲೇ ಹೊರಟರೆ ಟ್ರಾಫಿಕ್ ಮಾಫಿ, ಅಂದರೆ ಇಲ್ಲವೇ ಇಲ್ಲ. ಎಲ್ಲ ಲೆಕ್ಕ ಹಾಕಿ ಕೇಂದ್ರಕ್ಕೆ ಫೋನ್ ಮಾಡಿದೆ.

ಎತ್ತಿದವನು ಮಲಯಾಳಿ. ಹೊರಗೆ ಬಿಡುವುದಕ್ಕಾಗಿ ಅದಕ್ಕೆ ಮನುಷ್ಯರ ಅಭ್ಯಾಸ ತಪ್ಪಿಸುತ್ತಿದ್ದೇವೆ, ಸಾಕಿದವರು ಕರೆದು ಅದು ಮತ್ತೆ ಮನುಷ್ಯರ ಬಳಿ ಬರತೊಡಗಿದರೆ ಜನ್ಮವಿಡೀ ಪಂಜರವೇ ಗತಿ ಎಂದ. ನಾನು ಸುಮ್ಮನಾಗುವವನೇ? ಹತ್ತು ನಿಮಿಷ ಕೇಳಿ, ಐದಕ್ಕೆ ಇಳಿದು, ತಡಿಕೆಯ ಹಿಂದೆ ನಿಂತು ಸದ್ದಿಲ್ಲದೆ ನೋಡಲು ಒಪ್ಪಿಸಿದೆ. ಗೆದ್ದ ಖುಷಿಯಲ್ಲಿ ಟೀಚರಿಗೆ ಹೇಳಿದೆ.



"ನಾನು ಬರಲ್ಲ ಶೆಟ್ರೇ. ಎದುರಿಗೆ ಕಂಡ್ರೆ ಕರೆದೇ ಬಿಡ್ತೀನಿ. ನೀವು ಹೋಗಿ ಬನ್ನಿ."

"ಎಂತ ಟೀಚರೇ, ಇಷ್ಟೆಲ್ಲ ಚೌಕಾಸಿ ಮಾಡಿದ್ದು ನಾನು ನೋಡ್ಲಿಕ್ಕಾ?"

"ನಿಮ್ಮ ಗುರುತು ಅದಕ್ಕಿಲ್ವಲ್ಲ. ಲಿವರ್ ತಂದವರು ಯಾರು ಅಂತ ಅದಕ್ಕೇನು ಗೊತ್ತು?"

ಒಬ್ಬನೇ ಹೋದೆ. ತಡಿಕೆಯ ಸಂದಿಯಲ್ಲಿ ಕಂಡದ್ದಿಷ್ಟು: ಕಂದು ಬಣ್ಣದ ಪುಟ್ಟ ಹಕ್ಕಿ, ಒಂದು ಕೊಂಬೆಯಿಂದ ಇನ್ನೊಂದಕ್ಕೆ ಹಾರಿ ಕೂತಿತು. ಬಂದು ಹೇಳಿದೆ. ಕೊಂಬೆ ಎಷ್ಟು ಎತ್ತರದಲ್ಲಿತ್ತು, ಹಾರುವಾಗ ಒಂದು ಕಡೆಗೆ ವಾಲಿತೇ, ಕೂರುವಾಗ ತಡವರಿಸಿತೇ ಎಂದು ಟೀಚರ್ ಕೇಳುತ್ತಲೇ ಹೋದರು. ಅದರಲ್ಲಿ ಅರ್ಧವನ್ನು ನಾನು ಗಮನಿಸಿಯೇ ಇರಲಿಲ್ಲ.

ಅವರು ಊರು ಸೇರಿದ ಮೇಲೆ ಗೂಬೆಯನ್ನು ಬಿಟ್ಟ ಸುದ್ದಿ ಬಂತು. ಮೈಸೂರಿಗೆ ಫೋನ್ ಮಾಡಿದರೆ, ಬಿಟ್ಟಾಗ ಗಾಳಿ ಇತ್ತಾ ಎಂದು ಕೇಳಿದರು. ಕಳೆದ ವರ್ಷ ತೀರಿಕೊಂಡರು... ಪಕ್ಕದ ಮನೆಗೆ ಬೇರೆ ಸಂಸಾರ ಬಂದಿದೆ, ಒಳ್ಳೆಯವರೇ. ಆದರೆ ನಾನು ಹೇಳಿದ್ದಕ್ಕೆ ಅಷ್ಟೊಂದು ಪ್ರಶ್ನೆ ಹಾಕುವವರು ಈಗ ಯಾರೂ ಇಲ್ಲ.

ನೀವು ಅಂಥ ಕೇಂದ್ರಕ್ಕೆ ಹೋಗುವುದಾದರೆ ಮೊದಲೇ ಫೋನ್ ಮಾಡಿ, ಚಳಿಗಾಲದ ಬೆಳಿಗ್ಗೆಯೇ ಹೊರಡಿ, ಅತ್ತರು ಬಳಿದುಕೊಳ್ಳಬೇಡಿ. ನೀವೇ ಸಾಕಿದ ಜೀವವಾಗಿದ್ದು, ಕರೆಯದೆ ಬಾಯಿ ಬಿಗಿಹಿಡಿಯಲು ಆಗದಿದ್ದರೆ, ಅದಕ್ಕೆ ಗುರುತಿಲ್ಲದ ಒಬ್ಬರನ್ನು ಕಳುಹಿಸಿ. ಹಾಗೆ ಹೋಗುವವರು ನೀವಾದರೆ, ಮೊಬೈಲ್ ಕಿಸೆಯಲ್ಲಿಟ್ಟು ಕಣ್ಣುಬಿಟ್ಟು ನೋಡಿ ಬನ್ನಿ. ಕಳುಹಿಸಿದವರು ಎಲ್ಲವನ್ನೂ ಕೇಳುತ್ತಾರೆ.