ನೆಲಮಾಳಿಗೆ: ಒಣ

ಮೂವತ್ತೊಂದು ವರ್ಷ ಲಿಫ್ಟಣ್ಣ ಒಂದೇ ಕಟ್ಟಡದಲ್ಲಿ ಮೇಲಕ್ಕೂ ಕೆಳಕ್ಕೂ ಓಡಾಡಿದ. ಪೇಟೆಯ ನಟ್ಟನಡುವಿನ ಐದು ಮಹಡಿಯ ಕಲ್ಲಿನ ಕಟ್ಟಡ ಅದು. ಒಳಗೆ ವಕೀಲರು, ವಿಮೆಯವರು, ನಾಲ್ಕನೆಯ ಮಹಡಿಯಲ್ಲಿ ಒಬ್ಬ ಹಲ್ಲಿನ ಡಾಕ್ಟರು. ಹಿತ್ತಾಳೆಯ ಹಿಡಿ ತಿರುಗಿಸಿ ಲಿಫ್ಟನ್ನು ಮಹಡಿಯ ನೆಲಕ್ಕೆ ಸರಿಸಮನಾಗಿ ನಿಲ್ಲಿಸುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಹಾಗಂತ ಅವನೇ ಹೇಳುತ್ತಿದ್ದ. ಆ ಕಾಲದಲ್ಲಿ ಅಲ್ಲಿ ಬೇರೆ ಲಿಫ್ಟಿನವರೂ ಇರಲಿಲ್ಲ, ಅದು ಬೇರೆ ಮಾತು.

ಕಟ್ಟಡ ರಿಪೇರಿಗೆಂದು ಮುಚ್ಚಿದ ದಿನವೇ ಅವನ ನಿವೃತ್ತಿಯೂ ಆಯಿತು. ಎರಡು ವರ್ಷ ಪರದೆ ಹೊದ್ದು ನಿಂತಿದ್ದ ಕಟ್ಟಡ ಒಂದು ಬೆಳಿಗ್ಗೆ ಪರದೆ ಸರಿಸಿ ಥಳಥಳ ಹೊಳೆಯಿತು. ಹಿಂದೆಯೇ ಬಣ್ಣದ ಪುಸ್ತಿಕೆಯೊಂದು ಮನೆಗೆ ಬಂತು. ಕಟ್ಟಡವನ್ನು ಸಾವಿರ ಪಾಲು ಮಾಡಿದ್ದಾರಂತೆ. ಯಾರು ಬೇಕಾದರೂ ಪಾಲು ಕೊಳ್ಳಬಹುದಂತೆ. ಬಾಡಿಗೆ ಬಂದಂತೆ ಪಾಲಿಗೆ ತಕ್ಕ ಹಣ ಕೈಗೆ ಬರುತ್ತದಂತೆ. ಲಿಫ್ಟಣ್ಣ ಪುಸ್ತಿಕೆಯನ್ನು ಎದೆಗೊತ್ತಿಕೊಂಡ. ಮೂವತ್ತೊಂದು ವರ್ಷ ಬೇರೆಯವರಿಗೆ ಬಾಗಿಲು ತೆರೆದವನು ಇನ್ನು ಅದೇ ಬಾಗಿಲಿಗೆ ಯಜಮಾನ! ಆ ರಾತ್ರಿ ಅವನಿಗೆ ಊಟ ಸೇರಲಿಲ್ಲ.

ಅವನ ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದವಳು. ಸೂಜಿಗೆ ದಾರ ಪೋಣಿಸಲು ಈಗ ಪಕ್ಕದ ಮನೆಯವರನ್ನು ಕೂಗಬೇಕು, ಅಷ್ಟು ಕಣ್ಣು ಹೋಗಿತ್ತು. ಗಂಡನ ನಿವೃತ್ತಿಯ ದುಡ್ಡಿಗೆ ತನ್ನ ಹೊಲಿಗೆಯ ದುಡ್ಡನ್ನೂ ಸೇರಿಸಿದಳು. ಇರುವುದು ಅಷ್ಟೇ, ಅದು ಹೋದರೆ ಮತ್ತೆ ಹುಟ್ಟುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಬರುವ ಬಾಡಿಗೆಯ ಭರವಸೆಯಲ್ಲಿ ಗಿರಾಕಿಗಳಿಗೆಲ್ಲ "ಇನ್ನು ಹೊಲಿಯಲ್ಲಮ್ಮ, ಸಾಕಾಯ್ತು" ಎಂದು ಹೇಳಿ, ಮೆಷಿನ್ನಿಗೆ ಹಳೆಯ ಬೆಡ್‌ಶೀಟು ಹೊದಿಸಿ, ಮೇಲೊಂದು ಹೂದಾನಿ ಇಟ್ಟುಬಿಟ್ಟಳು.

ದುಡ್ಡು ಕಟ್ಟಲು ಇಬ್ಬರೂ ಒಳ್ಳೆಯ ಬಟ್ಟೆ ಹಾಕಿಕೊಂಡು ಹೊರಟರು. ಹಳೆಯ ಟಪಾಲು ಕೋಣೆಯೇ ಈಗ ಪಾಲು ಮಾರುವ ಆಫೀಸು. ಹೊರಗಿನ ಹಜಾರದಲ್ಲಿ ಫಾರಂ ಹಿಡಿದು ಐದಾರು ಜನ ಕಾಯುತ್ತಿದ್ದರು. ಎಲ್ಲ ಇವರಂಥವರೇ, ಮೊಣಕಾಲು ಹಿಡಿದುಕೊಂಡು ಏಳುವವರು.

"ನಮ್ಮ ಪಾಲು ಯಾವ ಕಡೆ ಬರುತ್ತೆ ಸಾರ್?" ಎಂದು ಲಿಫ್ಟಣ್ಣ ಮ್ಯಾನೇಜರನ್ನು ಕೇಳಿದ.

ಮ್ಯಾನೇಜರು ಎಳೆಯ ವಯಸ್ಸಿನವನು, ನಗುಮುಖದವನು. "ಯಾವ ಕಡೆಯೂ ಅಲ್ಲ, ಎಲ್ಲಾ ಕಡೆನೂ. ಪ್ರತಿಯೊಂದು ಕಲ್ಲಲ್ಲೂ ನಿಮಗೆ ಸಾವಿರದಲ್ಲೊಂದು ಭಾಗ."

ಲಿಫ್ಟಣ್ಣನಿಗೆ ತಲೆಬುಡ ತಿಳಿಯಲಿಲ್ಲ. ಮೆಟ್ಟಿಲಲ್ಲಿ ಸಾವಿರದಲ್ಲೊಂದು ಭಾಗ ಎಂದರೆ ಎಷ್ಟು, ಅದರ ಮೇಲೆ ಹೆಬ್ಬೆರಳಾದರೂ ಊರಬಹುದೇ ಎಂದು ಅವನು ಯೋಚಿಸುತ್ತಿದ್ದ. ಹೆಂಡತಿ ಕೇಳಿಯೇಬಿಟ್ಟಳು: "ಕೈಯಿಟ್ಟು ಇದು ನಮ್ಮದು ಅನ್ನೋಕೆ ಒಂದು ಕಿಟಕಿನಾದ್ರೂ ತೋರಿಸಪ್ಪಾ."

"ಎಲ್ಲಾ ಕಿಟಕಿಗಳೂ ನಿಮ್ಮವೇ ಅಮ್ಮಾ."

"ಹಾಗಾದ್ರೆ ಒಂದೂ ನಮ್ಮದಲ್ಲ ಅನ್ನು."

ಮ್ಯಾನೇಜರು ಮಾತು ತಿರುಗಿಸಿ ಪುಸ್ತಿಕೆಯ ಕೊನೆಯ ಪುಟ ತೆರೆದು ತೋರಿಸುತ್ತ ಹೇಳಿದ: "ಹಳೆಯ ಕಟ್ಟಡ ಅಂದ್ರೆ ಜನ ತೇವಕ್ಕೆ ಹೆದರ್ತಾರೆ. ಇಲ್ಲಿ ಆ ಭಯವೇ ಬೇಡ. ದಿನದಿನದ ದಾಖಲೆ ಇದೆ. ಮೂರು ದಶಕದಲ್ಲಿ ನೆಲಮಾಳಿಗೆಗೆ ಒಂದು ಹನಿ ನೀರು ಬಂದಿಲ್ಲ."

ಲಿಫ್ಟಣ್ಣ ಕಣ್ಣು ಕಣ್ಣು ಬಿಟ್ಟ. ತಾನು ಬೇರೆ ಯಾವುದೋ ಕಟ್ಟಡಕ್ಕೆ ಬಂದುಬಿಟ್ಟೆನೇ ಎನಿಸಿತು.

"ಬರುತ್ತಲ್ಲ ಸಾರ್," ಎಂದ. "ದಿನಾ ಬರುತ್ತೆ."

ಅವನ ಹೆಂಡತಿಯೂ ತಿರುಗಿ ನೋಡಿದಳು. ಅವಳಿಗೂ ಇದು ಹೊಸ ಸುದ್ದಿ.

ವಿಷಯ ಇಷ್ಟೇ. ನೆಲಮಾಳಿಗೆಯ ಮೂಲೆಯಲ್ಲಿ ಕಬ್ಬಿಣದ ಮುಚ್ಚಳದ ಒಂದು ಗುಂಡಿ ಇತ್ತು, ಅದರೊಳಗೊಂದು ಮೋಟಾರು. ಇರುಳೆಲ್ಲ ಒಸರಿದ ನೀರು ಬೆಳಗಿನ ಹೊತ್ತಿಗೆ ಪಾದ ಮುಳುಗುವಷ್ಟು ನಿಂತಿರುತ್ತಿತ್ತು. ಇವನಿಗೆ ಕೆಲಸ ಕಲಿಸಿದ ಮುದುಕ ಮೊದಲ ದಿನವೇ ಹೇಳಿದ್ದ: "ಆರಕ್ಕೆ ಬಾ, ಮೋಟಾರು ಹಾಕು, ನೆಲ ಒರೆಸು. ಆಮೇಲೆ ಪುಸ್ತಕ ಬರಿ." ಒಂಬತ್ತಕ್ಕೆ ಬಾಗಿಲು ತೆರೆಯುವ ಮುಂಚೆ ಬರೆಯಬೇಕಾದ ಬೆಳಗಿನ ಪುಸ್ತಕ ಅದು. ದೀಪ, ಲಿಫ್ಟು, ಬಾಗಿಲು, ನೆಲಮಾಳಿಗೆ ಎಂದು ನಾಲ್ಕು ಕಾಲಂ. ಲಿಫ್ಟಣ್ಣ ಪ್ಯಾಂಟು ಮಡಚಿ, ನೀರು ತೆಗೆದು, ನೆಲ ಒರೆಸಿ, ಕೈ ತೊಳೆದು ಬಂದು ದುಂಡಗೆ ಬರೆಯುತ್ತಿದ್ದ: ಸರಿ, ಸರಿ, ಸರಿ, ಒಣ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅವನು ಬರೆಯುವ ಹೊತ್ತಿಗೆ ನೆಲ ಒಣಗಿಯೇ ಇರುತ್ತಿತ್ತು. ಕಸ ಗುಡಿಸುವವರು ಕಸವನ್ನು ಕಟ್ಟಡದ ದೋಷ ಎಂದು ಯಾರಿಗಾದರೂ ವರದಿ ಮಾಡುತ್ತಾರೆಯೇ? ನೀರೂ ಅವನಿಗೆ ಹಾಗೇ. ಅದು ಕೆಲಸ, ಸುದ್ದಿಯಲ್ಲ. ಆರಕ್ಕೆ ಬಂದು ಮೋಟಾರು ಹಾಕಿ ನೀರು ತೆಗೆಯುತ್ತಿದ್ದೆ ಎಂದಷ್ಟೇ ಈಗ ಹೇಳಿದ.

"ಅದಕ್ಕಾ ನೀವು ಕತ್ತಲೆ ಹರಿಯೋ ಮುಂಚೆ ಓಡ್ತಿದ್ದಿದ್ದು?" ಹೆಂಡತಿ ಕೇಳಿದಳು. "ಮನೆಗೆಲಸ ತಪ್ಪಿಸ್ಕೊಳ್ಳೋಕೆ ಅಂದ್ಕೊಂಡಿದ್ದೆ ನಾನು."

ಮ್ಯಾನೇಜರು ನಕ್ಕ. ಎದ್ದು, ಪಾಲು ಕೊಳ್ಳಲು ಬಂದವರು ನೋಡಲೆಂದು ಹಜಾರದಲ್ಲಿಟ್ಟಿದ್ದ ಗಾಜಿನ ಪೆಟ್ಟಿಗೆಯ ಬೀಗ ತೆಗೆದು ದಪ್ಪ ಪುಸ್ತಕವೊಂದನ್ನು ತಂದು ಮೇಜಿನ ಮೇಲಿಟ್ಟ. "ನೋಡಿ. ಒಣ, ಒಣ, ಒಣ. ಯಾರೋ ಪುಣ್ಯಾತ್ಮ ಒಂದು ದಿನ ತಪ್ಪದೆ ಬರೆದಿದ್ದಾನೆ."

ಆ ಪುಣ್ಯಾತ್ಮ ತನ್ನ ಅಕ್ಷರ ಕಂಡು ಅದರ ಮೇಲೆ ಬೆರಳಿಟ್ಟ. "ಇದು ನಾನು ಬರೆದಿದ್ದು ಸಾರ್."

"ಹಾಗಾದ್ರೆ ಸುಳ್ಳು ಬರೆದ್ರಾ?"

"ಇಲ್ಲ."

"ಮತ್ತೆ ನೀರು ಬರ್ತಿತ್ತಾ?"

"ಬರ್ತಿತ್ತು."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮ್ಯಾನೇಜರಿಗೂ ಈಗ ತಲೆ ಗಿರ್ರೆಂದಿತು. ನೋಡಿಯೇಬಿಡೋಣ ಎಂದು ಮೂವರೂ ಕೆಳಗಿಳಿದರು.

ನೆಲಮಾಳಿಗೆ ಈಗ ಮೀಟಿಂಗ್ ಕೋಣೆಯಾಗಿತ್ತು. ನೆಲಕ್ಕೆ ಮರದ ಹಲಗೆ, ಗೋಡೆಗೆ ಬಣ್ಣ. ಕಣ್ಣು ಕಟ್ಟಿ ಬಿಟ್ಟರೂ ನಡೆದಾಡಬಲ್ಲ ಜಾಗದಲ್ಲಿ ಲಿಫ್ಟಣ್ಣನಿಗೆ ದಿಕ್ಕು ತಪ್ಪಿತು. ಗುಂಡಿ ಈ ಮೂಲೆಯೋ, ಆ ಮೂಲೆಯೋ? ಬಗ್ಗಿ ಹಲಗೆ ಸವರಿದ. ಒಣಗಿತ್ತು. ನೀರು ಎಲ್ಲಿಗೆ ಹೋಯಿತು? ತಾನು ಮೂವತ್ತೊಂದು ವರ್ಷ ಏನು ಹೊರಹಾಕಿದೆ ಹಾಗಾದರೆ? ಒಂದು ಕ್ಷಣ ಅವನಿಗೆ ತನ್ನ ನೆನಪಿನ ಮೇಲೇ ಅನುಮಾನ ಬಂತು.

"ರಿಪೇರಿ ಹೊತ್ತಲ್ಲಿ ನೀರು ಕಂಡಿತ್ತಂತೆ," ಎಂದ ಮ್ಯಾನೇಜರು. "ಸಿಮೆಂಟಿಗೆ ತಾವೇ ಹಾಕಿದ ನೀರು ಅಂದ್ಕೊಂಡ್ರಂತೆ ಕೆಲಸದವರು. ತುಕ್ಕು ಹಿಡಿದ ಮೋಟಾರೊಂದು ಇತ್ತು, ಗುಜರಿಗೆ ಹೋಯ್ತು. ಈಗ ನೋಡಿ, ಒಣ."

ವಾಪಸು ಹೊರಡುವಾಗ ಬಾಗಿಲು ಹಿಡಿದುಕೊಂಡಿತು. ಮ್ಯಾನೇಜರು ಹೆಗಲು ಕೊಟ್ಟು ದಬ್ಬಿದ. "ಹೊಸ ಮರ, ಹೀಗೇ. ಬಡಗಿ ಎರಡು ಸಲ ಹೆರೆದು ಹೋಗಿದ್ದಾನೆ."

ಲಿಫ್ಟಣ್ಣ ಬಾಗಿಲಿನ ಬುಡಕ್ಕೆ ಕೈ ಹಾಕಿದ. ಮೇಲೆ ನಯವಾಗಿದ್ದ ಮರ ಬುಡದ ಒಂದು ಗೇಣಿನಲ್ಲಿ ನೀರು ಕುಡಿದು ಉಬ್ಬಿತ್ತು. ಪಕ್ಕದ ಹಲಗೆಯ ಸಂದಿಗೆ ಬೆರಳು ತೂರಿಸಿ ಹೊರತೆಗೆದು ತೋರಿಸಿದ. ಉಗುರಿನಿಂದ ನೀರು ತೊಟ್ಟಿಕ್ಕುತ್ತಿತ್ತು. ತಾನು ಹುಚ್ಚನಲ್ಲ ಎಂದು ಅವನಿಗೆ ಸಂತೋಷವಾಯಿತು. ಸಂತೋಷಪಡುವ ಸುದ್ದಿ ಇದಲ್ಲವಲ್ಲ ಎಂದು ಕೂಡಲೇ ಗಾಬರಿಯೂ ಆಯಿತು.

ಮೇಲೆ ಆಫೀಸಿಗೆ ಬಂದ ಮ್ಯಾನೇಜರು ಹಜಾರದ ಕಡೆಯ ಬಾಗಿಲು ಮುಂದೆ ಮಾಡಿ ದನಿ ತಗ್ಗಿಸಿದ. "ಅಣ್ಣಾ, ಒಂದು ಮಾತು. ಹೊಸ ಮೋಟಾರು ಹಾಕಿಸ್ತೀವಿ. ಮೊದಲಿನ ಹಾಗೇ ಆರಕ್ಕೆ ಬನ್ನಿ, ಒಣ ಅಂತ ಬರೀರಿ. ಸಂಬಳ ಕೊಡ್ತೀವಿ. ಪಾಲನ್ನೂ ಕಡಿಮೆಗೆ ಕೊಡಿಸ್ತೀನಿ. ಹೊರಗೆ ಮಾತ್ರ ಬಾಯಿ ಬಿಡಬೇಡಿ."

ಲಿಫ್ಟಣ್ಣ ಹೆಂಡತಿಯತ್ತ ನೋಡಿದ. ಅದೇ ಗುಂಡಿ, ಅದೇ ಕೆಲಸ, ಅದೇ ಪದ. ಜೊತೆಗೆ ಪಾಲು ಬೇರೆ. ಬೇಡ ಎನ್ನಲು ಕಾರಣವೇ ಕಾಣಲಿಲ್ಲ. ಆದರೂ ಅವಳನ್ನೇ ಕೇಳಿದ.

"ಏನೇ, ಮೂವತ್ತೊಂದು ವರ್ಷ ಮಾಡಿದ್ದೇ ತಾನೇ? ಆಗ ತಪ್ಪಲ್ಲ ಅಂದ್ರೆ ಈಗ ಹೇಗೆ ತಪ್ಪಾಗುತ್ತೆ?"

ಅವಳು ಫಾರಂ ಇದ್ದ ಚೀಲವನ್ನು ಮಡಿಲಲ್ಲಿ ಅವುಚಿಕೊಂಡಿದ್ದಳು. ಅವಳಿಗೂ ಆ ಪಾಲು ಬೇಕಿತ್ತು, ಗಂಡನಿಗಿಂತ ಹೆಚ್ಚೇ ಬೇಕಿತ್ತು.

"ಆಗ ಆ ಪುಸ್ತಕ ಓದ್ಕೊಂಡು ಯಾರೂ ದುಡ್ಡು ಹಾಕ್ತಿರಲಿಲ್ಲ ರೀ," ಎಂದಳು.

ಲಿಫ್ಟಣ್ಣ ಮೇಜಿನ ಮೇಲಿದ್ದ ಮ್ಯಾನೇಜರ ಪೆನ್ನನ್ನೇ ತೆಗೆದುಕೊಂಡ. ಪುಸ್ತಕದ ಕೊನೆಯ ಪುಟದಲ್ಲಿ ಜಾಗ ಉಳಿದಿತ್ತು. ಅಂದಿನ ತಾರೀಕು ಹಾಕಿದ. ದೀಪ: ಸರಿ. ಹೊಸ ಲಿಫ್ಟಿಗೆ ಹಿಡಿಯೇ ಇಲ್ಲ, ಬರೀ ಬಟನ್ನು ಒತ್ತುವುದು. ಅದರ ಬಗ್ಗೆ ಅವನು ಏನು ಹೇಳಬಲ್ಲ? ಲಿಫ್ಟು: ಗೊತ್ತಿಲ್ಲ. ಬಾಗಿಲು: ಹಿಡಿಯುತ್ತದೆ. ನಾಲ್ಕನೆಯ ಕಾಲಮ್ಮಿಗೆ ಬಂದಾಗ ಅಭ್ಯಾಸಬಲದಿಂದ ಕೈ 'ಒ' ಬರೆದು ನಿಂತಿತು. ಆಮೇಲೆ ಮುಂದುವರಿಯಿತು. ನೆಲಮಾಳಿಗೆ: ಒದ್ದೆ.

"ಏನು ಮಾಡಿಬಿಟ್ರಿ!" ಎಂದು ಮ್ಯಾನೇಜರು ಪುಸ್ತಕಕ್ಕೆ ಕೈ ಚಾಚುವಷ್ಟರಲ್ಲಿ ಲಿಫ್ಟಣ್ಣ ಅದನ್ನು ಎತ್ತಿಕೊಂಡು ಹಜಾರಕ್ಕೆ ಹೋಗಿ, ತೆರೆದ ಪುಟ ಮೇಲಾಗಿ ಗಾಜಿನ ಪೆಟ್ಟಿಗೆಯಲ್ಲಿಟ್ಟ. ಫಾರಂ ಹಿಡಿದು ಕಾಯುತ್ತಿದ್ದ ಹೆಂಗಸೊಬ್ಬರು ಎದ್ದು, ಕನ್ನಡಕ ಏರಿಸಿಕೊಂಡು ಹತ್ತಿರ ಬಂದರು.

ಬೀದಿಗೆ ಬಂದ ಮೇಲೆ ಲಿಫ್ಟಣ್ಣ ತಿರುಗಿ ಕಟ್ಟಡವನ್ನು ನೋಡಿದ. ಅದು ಹೊಳೆಯುತ್ತಲೇ ಇತ್ತು. ತಾನು ದುಡ್ಡು ಉಳಿಸಿದೆನೋ, ಕಟ್ಟಡ ಕಳೆದುಕೊಂಡೆನೋ, ಇಷ್ಟು ವರ್ಷ ನಿಜ ಬರೆದೆನೋ, ಸುಳ್ಳು ಬರೆದೆನೋ, ಒಂದೂ ಅವನಿಗೆ ಬಗೆಹರಿಯಲಿಲ್ಲ.

"ನಾವು ಈಗ ಮಾಡಿದ್ದು ಸರೀನೇನೇ?"

ಹೆಂಡತಿ ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ರಸ್ತೆ ದಾಟಲು ನಿಂತಳು.

"ಮನೆಗೆ ಹೋದ ತಕ್ಷಣ ಮೆಷಿನ್ನಿಗೆ ಸ್ವಲ್ಪ ಎಣ್ಣೆ ಹಾಕ್ಕೊಡಿ," ಎಂದಳು. "ದಾರ ಇನ್ಮೇಲೆ ನೀವೇ ಪೋಣಿಸ್ಬೇಕು."