ರಿಸೆಪ್ಷನ್ನಿನ ಬಿಗೋನಿಯಾ

ಆಲ್ದೂರಿನ ನನ್ನ ಹೊಸ ಕಾಫಿ ಖರೀದಿ ಆಫೀಸಿನ ರಿಸೆಪ್ಷನ್ನಿಗೆ ಚೌಕಾಸಿ ಮಾಡಿಯೂ ಆರು ಸಾವಿರ ರೂಪಾಯಿಯ ಗಿಡಗಳನ್ನು ತಂದಿದ್ದೆ. ಬೆಳೆಗಾರರು ಮೆಟ್ಟಿಲಲ್ಲೇ ರೇಟು ಕೇಳಿ ಹೋಗದೆ ಒಳಗೆ ಬಂದು ಕೂರಲಿ ಎಂದು.

ಅಲ್ಲಿ ಕೆಲಸಕ್ಕೆ ಕೂರುತ್ತಿದ್ದ ಬಣಕಲ್ಲಿನ ಅಕ್ಕ ಎಲೆ ಒರೆಸುತ್ತಲೇ ಎಲ್ಲರಿಗೂ "ಬನ್ನಿ, ನಮ್ ಗಿಡ ನೋಡಿ" ಎನ್ನುತ್ತಿದ್ದರು. ಒಮ್ಮೆ ಬೆಳೆಗಾರರೊಬ್ಬರ ಹೆಂಡತಿ ಬಿಗೋನಿಯಾದ ಕಡ್ಡಿ ಮುರಿದು ಸೆರಗಿನಲ್ಲಿ ಮುಚ್ಚಿಕೊಂಡರು. ಬೈಯಲು ಎದ್ದ ನನ್ನನ್ನು ಅಕ್ಕ ಕಣ್ಣಲ್ಲೇ ಕೂರಿಸಿದರು.

"ಅದು ಎಳೇದು, ಬದ್ಕಲ್ಲ ಅಮ್ಮ. ಇದು ತಗಳಿ" ಎಂದು ಬಲಿತದ್ದನ್ನೇ ಮುರಿದು, ಪೇಪರ್ ಸುತ್ತಿ ಕೊಟ್ಟರು. ಆಮೇಲೆ ನನಗೆ, "ಗಿಡ ಚಿಗುರುತ್ತೆ ಮಾರಾಯ್ರೇ. ಬೈಸ್ಕಂಡು ಹೋದೋರು ಮತ್ತೆ ಬರ್ತಾರಾ?"

ಆ ವರ್ಷದ ಕೊಯ್ಲು ಮುಗಿದದ್ದೇ, ಕಡ್ಡಿ ಒಯ್ದಿದ್ದ ಆಕೆ ಗಂಡನನ್ನು ಕಾಫಿ ಮೂಟೆಗಳ ಸಮೇತ ಕರೆತಂದರು.

ನೀವೂ ಆಫೀಸಿಗೆ ಗಿಡ ತರುವುದಾದರೆ ಕಡ್ಡಿ ನೆಟ್ಟರೆ ಬದುಕುವಂಥದ್ದನ್ನೇ ತನ್ನಿ, ಕೈಗೆಟುಕುವಲ್ಲೇ ಇಡಿ. 'ಮುಟ್ಟಬೇಡಿ' ಬೋರ್ಡು ಮಾತ್ರ ಹಾಕಬೇಡಿ.